ಮೈಕಿಗೆ ಬಿದ್ದ ದನಿ

ಶಿಷ್ಯ ಕೇಳಿದ: “ಗುರುಗಳೇ, ಹಾಡಿನಲ್ಲಿ ಹಿಂದೆ ಬಿದ್ದ ದನಿಯನ್ನು ಮುಂದೆ ತರುವುದು ಹೇಗೆ?”

ಗುರು ಹಾಡುಗಳನ್ನು ಮಿಕ್ಸ್ ಮಾಡುವ ಕಸುಬಿನವನು. ಒಂದು ಕೋಣೆ, ಒಂದು ಕಂಪ್ಯೂಟರು, ಎರಡು ಸ್ಪೀಕರು, ಇಷ್ಟೇ ಅವನ ಮಠ. ಶಿಷ್ಯ ಅಲ್ಲಿ ಕಲಿಯಲು ಬಂದವನು. ಒಂದು ಗುಂಪಿನ ಹಾಡನ್ನು ತಾನೇ ಹೋಗಿ ರೆಕಾರ್ಡು ಮಾಡಿಕೊಂಡು ಬಂದಿದ್ದ. ಬೆಳಗಿನಿಂದ ಅದರ ಮುಂದೆ ಕೂತಿದ್ದ.

“ಯಾರ ದನಿ?” ಎಂದು ಗುರು ಕೇಳಿದ.

“ಕೋರಸ್ಸಿನಲ್ಲಿ ಕೊನೆಯವಳದು. ಎಷ್ಟು ಏರಿಸಿದರೂ ಬರುತ್ತಿಲ್ಲ. ಏರಿಸಿದರೆ ಅವಳ ಜೊತೆ ಗೋಡೆಯ ಗುಂಯ್ ಅನ್ನುವುದೂ ಏರುತ್ತದೆ.”

“ಅವಳ ಹೆಸರೇನು?”

“ಕೇಳಲಿಲ್ಲ.”

ಗುರು ಪರದೆಯಿಂದ ಕಣ್ಣು ತೆಗೆದ. ಆಮೇಲೆ ಹೇಳಿದ: “ಸ್ಪೀಕರು ಆಫ್ ಮಾಡು. ಒಂದು ಕತೆ ಕೇಳು.”

ಒಬ್ಬ ಮೈಕ್‌ಸೆಟ್‌ನವನಿದ್ದ. ಮದುವೆಗೆ, ನಾಟಕಕ್ಕೆ, ಓಟಿನ ಭಾಷಣಕ್ಕೆ, ತಿಥಿಗೆ, ಎಲ್ಲಕ್ಕೂ ಅವನವು ಅದೇ ಬಾಕ್ಸು, ಅದೇ ವೈರು. ಜೋರಾಗಿ ಕೇಳಿಸಿದರೆ ಆಯಿತು, ಅವನ ಕೆಲಸ ಮುಗಿಯಿತು. ಒಂದು ದಿನ ಅವನಿಗೆ ಅಷ್ಟು ಸಾಲದೆನಿಸಿತು. ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪು ತಂದ. ಹಾಡು ಮಿಕ್ಸ್ ಮಾಡುವ ಸಾಫ್ಟ್‌ವೇರು ಹಾಕಿಸಿಕೊಂಡ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತ.

ಕಲಿತದ್ದು ಸುಳ್ಳಲ್ಲ. ಒಂದೊಂದು ದನಿಗೂ ಪರದೆಯ ಮೇಲೆ ಒಂದೊಂದು ಪಟ್ಟಿ. ಪಟ್ಟಿಗೊಂದು ಗುಂಡಿ. ಗುಂಡಿ ಏರಿಸಿದರೆ ದನಿ ಮುಂದೆ ಬರುತ್ತದೆ, ಇಳಿಸಿದರೆ ಹಿಂದೆ ಸರಿಯುತ್ತದೆ. ಯಾರು ಎಲ್ಲಿ ಕೂರಬೇಕು ಎಂದು ಗೊತ್ತುಮಾಡುವುದು ಮಿಕ್ಸಿಂಗ್. ಎಲ್ಲರೂ ಕೂತ ಮೇಲೆ ಹಾಡನ್ನು ಒಟ್ಟಾಗಿ ಒಪ್ಪಮಾಡಿ ಹೊರಗೆ ಕಳಿಸುವುದು ಮಾಸ್ಟರಿಂಗ್. ಇದನ್ನೆಲ್ಲ ಅವನು ತನ್ನಷ್ಟಕ್ಕೆ ತಾನೇ ತಿಳಿದುಕೊಂಡ.

ಅದರಲ್ಲಿ ಒಂದು ಸಲಕರಣೆ ಅವನಿಗೆ ಬಹಳ ಹಿಡಿಸಿತು. ಅದರ ಹೆಸರು ಗೇಟು. ಜೋರು ದನಿ ಬಂದರೆ ತೆರೆದುಕೊಳ್ಳುತ್ತದೆ. ಸಣ್ಣ ದನಿ ಬಂದರೆ ಮುಚ್ಚಿಕೊಳ್ಳುತ್ತದೆ. ಒಂದು ಸಾಲು ಮುಗಿದು ಇನ್ನೊಂದು ಸಾಲು ಶುರುವಾಗುವ ನಡುವೆ ಉಳಿಯುವ ಕೆಮ್ಮು, ಪಿಸುಮಾತು, ಬೀದಿಯ ಸ್ಕೂಟರು ಎಲ್ಲ ಅದರಿಂದ ಮಾಯ. ಅವನು ಸಿಕ್ಕ ಸಿಕ್ಕ ಹಾಡಿಗೆಲ್ಲ ಗೇಟು ಹಾಕಿದ.

ಆಗ ಒಂದು ಊರಿನಿಂದ ಕರೆ ಬಂತು. ಒಂದು ಮನೆಯಲ್ಲಿ ಮದುವೆ. ಮದುಮಗಳ ಸೋದರತ್ತೆ ಅವನಿಗೆ ಹೇಳಿಕಳಿಸಿದ್ದಳು. ಕೇರಿಯ ಹೆಂಗಸರು ಸೋಬಾನೆ ಹಾಡುತ್ತಾರೆ, ಮೊದಲೇ ರೆಕಾರ್ಡು ಮಾಡಿ ಚೆನ್ನಾಗಿ ಮಾಡಿಕೊಡು, ಅರಿಶಿನದ ದಿನ ಬಾಕ್ಸಿನಲ್ಲಿ ಹಾಕಬೇಕು ಎಂದಳು. ಮದುಮಗಳದೇ ಆಸೆಯಂತೆ. ಯಾಕೆ ಎಂದು ಅತ್ತೆಗೂ ಗೊತ್ತಿರಲಿಲ್ಲ. ಅವನೂ ಕೇಳಲಿಲ್ಲ.

ಅವನು ಹೋದ. ನಡುಮನೆಯಲ್ಲಿ ಚಾಪೆ ಹಾಸಿ ಹೆಂಗಸರು ಕೂತಿದ್ದರು. ಅವನು ಮೈಕು ನಿಲ್ಲಿಸುವುದನ್ನು ಎಲೆಯಡಿಕೆ ಜಗಿಯುತ್ತಾ ನೋಡಿದರು.

“ಏನೋ ಮೈಕಪ್ಪ, ಆ ಕಡ್ಡಿ ಒಳಕ್ಕೆ ನಾವಿಷ್ಟು ಜನ ಹಿಡೀತೀವೇನೋ?” ಎಂದಳು ಹಾಡಿನ ಮುಂದಾಳು.

“ಹಿಡೀತೀರಕ್ಕ.”

“ಇವಳು ಹಿಡಿಯಾಕಿಲ್ಲ ನೋಡು,” ಎಂದು ಅವಳು ಪಕ್ಕದ ದಪ್ಪನೆಯ ಹೆಂಗಸನ್ನು ತೋರಿಸಿದಳು. ಎಲ್ಲರೂ ನಕ್ಕರು. ಅವನೂ ನಕ್ಕ.

ಆಮೇಲೆ ಕೆಲಸಕ್ಕೆ ನಿಂತ. ಕಿವಿಗೆ ಹೆಡ್‌ಫೋನು ಹಾಕಿಕೊಂಡ. ಫ್ಯಾನು ನಿಲ್ಲಿಸಿದ. ಕುಕ್ಕರು ಇಳಿಸಲು ಹೇಳಿದ. ಜಗಲಿಯ ಕೋಳಿಗಳನ್ನು ಓಡಿಸಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಒಬ್ಬ ಹೆಂಗಸಿಗೆ ಒಳಗೆ ಹೋಗಲು ಹೇಳಿದ. ಹಾಡು ಶುರುವಾಯಿತು.

ಮೊದಮೊದಲು ಹಾಡು ತಡವರಿಸಿತು. ಮುಂದಾಳು ಸಾಲು ಮರೆತಳು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ವಲ್ಪ ಹೊತ್ತಿಗೆ ತಾನಾಗಿ ಸರಿಹೋಯಿತು. ಯಾಕೆ ಕೆಟ್ಟಿತು, ಯಾಕೆ ಸರಿಹೋಯಿತು ಎಂದು ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಅವನ ಕಣ್ಣು ಲ್ಯಾಪ್‌ಟಾಪಿನ ಹಸಿರು ಗೆರೆಯ ಮೇಲಿತ್ತು.

ಮನೆಗೆ ಬಂದು ಕೇಳಿದಾಗ ಅವನಿಗೆ ಒಂದು ತಪ್ಪು ಕಂಡಿತು. ಪ್ರತಿ ಸಾಲಿನ ಮೊದಲು, ಹಾಡು ಎದ್ದೇಳುವ ಮುಂಚೆ, ಹಿಂದೆ ಎಲ್ಲೋ ಯಾರೋ ಅದೇ ಸಾಲನ್ನು ಸಣ್ಣಗೆ ಅಂದ ಹಾಗೆ ಕೇಳುತ್ತಿತ್ತು. ಪ್ರತಿಧ್ವನಿ ಆಮೇಲೆ ಬರಬೇಕು. ಇದು ಮೊದಲೇ ಬರುತ್ತಿದೆ. ಇದೇನು ಕರ್ಮ ಎಂದುಕೊಂಡ. ಗೇಟು ಹಾಕಿದ. ಸಾಲುಗಳ ನಡುವೆ ಬಾಗಿಲು ಮುಚ್ಚಿಕೊಂಡಿತು. ಅಲ್ಲಿ ಈಗ ಏನೂ ಇರಲಿಲ್ಲ. ತೊಳೆದಿಟ್ಟ ತಟ್ಟೆಯ ಹಾಗೆ ಇತ್ತು. ಮಾಸ್ಟರಿಂಗ್ ಮಾಡಿ ಮುಗಿಸಿದ.

ಹಾಡು ತೆಗೆದುಕೊಂಡು ಹೋದ ದಿನ ಅತ್ತೆಗೆ ಬಹಳ ಖುಷಿಯಾಯಿತು. “ಸಿನಿಮಾದವರು ಹಾಡಿದಂಗದೆ ಕಣಪ್ಪ,” ಎಂದು ಕಾಫಿ ತರಲು ಒಳಗೆ ಹೋದಳು. ಮದುಮಗಳು ಹೆಡ್‌ಫೋನು ಹಾಕಿಕೊಂಡು ಕೊನೆಯತನಕ ಕೇಳಿದಳು. ತೆಗೆದು ಕೆಳಗಿಟ್ಟಳು.

“ಅಣ್ಣ, ಅವ್ವ ಎಲ್ಲಿ?”

“ಎಲ್ಲರೂ ಇದ್ದಾರಲ್ಲಮ್ಮ. ಒಬ್ಬರನ್ನೂ ಬಿಟ್ಟಿಲ್ಲ.”

“ಅವ್ವ ಇಲ್ಲ.”

“ನಿಮ್ಮವ್ವ ಯಾವ ಕಡೆ ಕೂತಿದ್ದರು ಹೇಳು, ನೋಡೋಣ.”

“ಕೂತಿರಲಿಲ್ಲ,” ಎಂದಳು ಮದುಮಗಳು.

ಅವನಿಗೆ ಅರ್ಥವಾಗಲಿಲ್ಲ. ಅವಳು ತಗ್ಗಿದ ದನಿಯಲ್ಲಿ ಬಿಡಿಸಿ ಹೇಳಿದಳು: “ಅಪ್ಪ ಇದ್ದಾಗ ಈ ಕೇರಿಲಿ ಸೋಬಾನೆಗೆ ಅವ್ವನೇ ಮುಂದಾಳು. ಅಪ್ಪ ಹೋದರು. ಮುತ್ತೈದೇರು ಕೂರೋ ಚಾಪೆ ಮೇಲೆ ಅವ್ವನ್ನ ಯಾರೂ ಕರೀಲಿಲ್ಲ. ಆದ್ರೆ ಸಾಲೆಲ್ಲ ಇರೋದು ಅವಳ ಬಾಯಲ್ಲೇ. ಬಾಗ್ಲಲ್ಲಿ ನಿಂತು ಅವಳು ಎತ್ತಿಕೊಡ್ತಾಳೆ, ಇವ್ರು ಹಾಡ್ತಾರೆ. ಎಲ್ಲರಿಗೂ ಗೊತ್ತು. ಯಾರೂ ಮಾತಾಡಲ್ಲ. ಆ ದನಿ ನನ್ ಜೊತೇಲಿ ಬರ್ಲಿ ಅಂತಲೇ ರೆಕಾರ್ಡು ಮಾಡ್ಸಿ ಅಂತ ಹಟ ಮಾಡಿದ್ದು. ಅತ್ತೆಗೆ ಹೇಳ್ಬೇಡ.”

ಅಷ್ಟರಲ್ಲಿ ಕಾಫಿ ಬಂತು. ತಂದವಳು ಅತ್ತೆಯಲ್ಲ. ಅಂದು ಬಾಗಿಲಲ್ಲಿ ನಿಂತಿದ್ದ ಹೆಂಗಸು. ಲೋಟ ಇಟ್ಟು, “ಸಕ್ಕರೆ ಸಾಕೇನಪ್ಪ?” ಎಂದು ಕೇಳಿದಳು. ಅವನು ತಲೆ ಎತ್ತದೆ ಸಾಕು ಎಂದ. ಕಾಫಿ ಕುಡಿದಾಗ ಅದರಲ್ಲಿ ಸಕ್ಕರೆ ಇತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಮನೆಗೆ ಬಂದವನೇ ಹಾಡಿಗೆ ಹಾಕಿದ್ದ ಗೇಟು ತೆಗೆದ. ಹಾಡಿನ ಸಂದುಗಳಲ್ಲಿ ಆ ದನಿ ಇದ್ದಲ್ಲೇ ಇತ್ತು. ಅವನು ಹಾಡನ್ನು ಮೊದಲಿಂದ ಕೇಳತೊಡಗಿದ. ಹಾಡಿಗೂ ಮೊದಲು, ಹೆಂಗಸರು ಗಂಟಲು ಸರಿಮಾಡಿಕೊಳ್ಳುವ ಸದ್ದಿನ ನಡುವೆ, ಒಂದು ಗಂಡಸಿನ ದನಿ ಸಿಕ್ಕಿತು.

“ಅಮ್ಮಾ, ಸ್ವಲ್ಪ ಒಳಗೆ ಹೋಗಿ. ಅಲ್ಲಿ ನಿಂತರೆ ಮೈಕಿಗೆ ಬೀಳುತ್ತೆ.”

ಅದರ ಹಿಂದೆಯೇ ಆ ಸಣ್ಣ ದನಿ: “ಆಗ್ಲಪ್ಪ.”

ಗಂಡಸಿನ ದನಿ ಅವನದೇ. ಫ್ಯಾನಿಗೆ, ಕುಕ್ಕರಿಗೆ, ಕೋಳಿಗೆ ಹೇಳಿದ ಉಸಿರಿನಲ್ಲೇ ಅದನ್ನೂ ಹೇಳಿದ್ದ. ಹೇಳಿದ್ದು ಮರೆತೇ ಹೋಗಿತ್ತು. ಕೇರಿಯವರು ಬಾಗಿಲ ತನಕ ಬಿಟ್ಟಿದ್ದರು. ಇವನು ಬಾಗಿಲಿನಿಂದಲೂ ಒಳಗೆ ಕಳಿಸಿದ್ದ. ಅದಕ್ಕೇ ಹಾಡು ಮೊದಲು ತಡವರಿಸಿದ್ದು, ಅವಳು ಒಳಗಿನಿಂದಲೇ ಸಾಲು ಎತ್ತಿಕೊಟ್ಟ ಮೇಲೆ ಸರಿಹೋದದ್ದು. ಕೋಣೆಯಲ್ಲಿ ಯಾರೂ ಇರಲಿಲ್ಲ, ಆದರೂ ಅವನ ಕಿವಿ ಕೆಂಪಾಯಿತು. ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟ. ಮತ್ತೆ ಹಾಕಿಕೊಂಡ. ಆ ಜಾಗಕ್ಕೆ ಹೋಗಿ ತನ್ನ ಮಾತನ್ನೂ ಅವಳ “ಆಗ್ಲಪ್ಪ”ವನ್ನೂ ಸೇರಿಸಿ ಕತ್ತರಿಸಿ ತೆಗೆದ. ಸಂದು ಕಾಣದ ಹಾಗೆ ಬೆಸೆದ. ಅಷ್ಟು ನಾಜೂಕಾಗಿ ಅವನು ಅದುವರೆಗೆ ಯಾವುದನ್ನೂ ಕತ್ತರಿಸಿರಲಿಲ್ಲ.

ಆಮೇಲೆ ಅವನಿಗೊಂದು ಯೋಚನೆ ಬಂತು. ಎಷ್ಟು ಹಿಂದೆ ತಳ್ಳಿದೆನೋ ಅಷ್ಟು ಮುಂದೆ ತಂದರೆ ಲೆಕ್ಕ ಸರಿಹೋಯಿತಲ್ಲ? ಅವಳ ಒಂದೊಂದು ಸಾಲನ್ನೂ ಬಿಡಿಸಿಕೊಂಡು ಬೇರೆ ಪಟ್ಟಿಗೆ ಹಾಕಿದ. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ಹಾಡಿದ್ದಳು. ದನಿ ಮಬ್ಬಾಗಿತ್ತು. ಅದರ ಮಬ್ಬು ತೆಗೆದ. ಏರಿಸಿದ. ಇನ್ನೂ ಏರಿಸಿದ. ಮುಂದಾಳಿಗಿಂತ ಮುಂದೆ ತಂದು ನಟ್ಟನಡುವೆ ನಿಲ್ಲಿಸಿದ. ಕೇಳಿದರೆ ಅವಳು ಕಿವಿಯ ಪಕ್ಕದಲ್ಲೇ ನಿಂತು ಹಾಡಿದ ಹಾಗಿತ್ತು. ಅವನ ಎದೆ ಹಗುರಾಯಿತು. ಅವಳ ಋಣ ತೀರಿತು ಎಂದುಕೊಂಡ.

ಅರಿಶಿನದ ದಿನ ಬೆಳಿಗ್ಗೆ ಬಾಕ್ಸುಗಳನ್ನು ತಂದು ಚಪ್ಪರಕ್ಕೆ ಎರಡು, ನಡುಮನೆಗೆ ಒಂದು ಇಟ್ಟ. ಜನ ತುಂಬಿದ್ದರು. ಗಂಡಿನ ಕಡೆಯವರೂ ಬಂದಿದ್ದರು. ನಡುಮನೆಯ ನಡುವೆ ಮಣೆ ಹಾಕಿ ಮದುಮಗಳನ್ನು ಕೂರಿಸಿದರು. ಅತ್ತೆ ಅರಿಶಿನದ ಬಟ್ಟಲು ಹಿಡಿದು ನಿಂತಳು. ಮುತ್ತೈದೆಯರು ಸುತ್ತ ಚಾಪೆಯ ಮೇಲೆ ಕೂತರು. ತಾಯಿ ಅಡುಗೆಮನೆಯ ಬಾಗಿಲ ಹಿಂದೆ, ಒಂದು ಕಣ್ಣು ಮಾತ್ರ ಕಾಣುವ ಹಾಗೆ ನಿಂತಳು.

“ಹಾಕಪ್ಪ ಹಾಡ,” ಎಂದಳು ಅತ್ತೆ.

ಅವನು ಹಾಕಿದ.

ಬಾಕ್ಸಿನಿಂದ ಮೊದಲು ಎದ್ದದ್ದು ತಾಯಿಯ ದನಿ. ಒಂಟಿ ದನಿ. ನಡುಮನೆ ತುಂಬಿ ಚಪ್ಪರಕ್ಕೆ ಹೋಯಿತು, ಚಪ್ಪರದಿಂದ ಬೀದಿಗೆ ಹೋಯಿತು. ಉಳಿದ ಹೆಂಗಸರ ದನಿ ಅದರ ಹಿಂದೆ ಹೋಯಿತು. ಚಾಪೆಯ ಮೇಲೆ ಕೂತವರು ತಲೆ ಎತ್ತಿದರು. ಅತ್ತೆಯ ಬೆರಳು ಅರಿಶಿನದ ಬಟ್ಟಲಿನಲ್ಲೇ ನಿಂತಿತು.

ಗಂಡಿನ ಕಡೆಯ ಒಬ್ಬ ಮುದುಕಿ ಕೇಳಿದಳು: “ಯಾರ ಗಂಟಲವ್ವ ಇದು? ಚೆನ್ನಾಗದೆ. ಯಾರು ಹಾಡಿರೋದು? ಎಲ್ಲಿ, ಮುಂದಕ್ಕೆ ಬರ್ಲಿ ನೋಡಾನ.”

ಎಲ್ಲರ ಕಣ್ಣೂ ಅಡುಗೆಮನೆಯ ಬಾಗಿಲ ಕಡೆ ಹೋಗಿ, ನೋಡಬಾರದ್ದನ್ನು ನೋಡಿದ ಹಾಗೆ ತಿರುಗಿ ಬಂದವು. ಬಾಗಿಲಲ್ಲಿದ್ದವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ತನ್ನ ನೆರಳು ಮಗಳ ಮದುವೆಯ ಮೇಲೆ ಬಿತ್ತು ಎಂದು ಯಾರೂ ಬೆರಳು ತೋರಿಸಬಾರದು, ಅದಕ್ಕೇ ಅಷ್ಟು ದಿನ ಬಾಗಿಲ ಹಿಂದೆ ನಿಂತು ಸಣ್ಣಗೆ ಹಾಡಿದ್ದಳು. ಅವಳನ್ನು ಕೇಳದೆ ಅವಳನ್ನು ಬೀದಿಗೆ ತಂದು ನಿಲ್ಲಿಸಿದಂತಾಗಿತ್ತು. ಅವಳು ಅಲ್ಲೇ ಒಳಗಿದ್ದಳು. ಹೊರಗೆ ಬಂದದ್ದು ದನಿ ಮಾತ್ರ.

ಅತ್ತೆ ಮೈಕ್‌ಸೆಟ್‌ನವನ ಕಡೆ ತಿರುಗಿದಳು. “ನಿಂಗ್ಯಾರೋ ಈ ಕೆಲಸ ಹೇಳಿದ್ದು?” ಎಂದಳು. ಜೋರಾಗಿ ಅಲ್ಲ. ಜೋರಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ನಡುಮನೆಯ ಬಾಕ್ಸು ಅಡುಗೆಮನೆಯ ಬಾಗಿಲ ಬಳಿಯೇ ಇತ್ತು. ಅವನು ಅದರ ಪಕ್ಕದಲ್ಲಿ ಲ್ಯಾಪ್‌ಟಾಪು ಹಿಡಿದು ನಿಂತಿದ್ದ. ತಾಯಿ ಬಾಗಿಲ ಸಂದಿನಿಂದ ಅವನನ್ನು ನೋಡಿದಳು. ಒಂದು ಹೆಜ್ಜೆ ಒಳಗೆ ಸರಿದಳು. ಮೆಲ್ಲಗೆ ಕೇಳಿದಳು:

“ಇಲ್ಲಿ ನಿಂತ್ರೂ ಮೈಕಿಗೆ ಬೀಳ್ತದೇನಪ್ಪ?”

ಆ ದಿನ ಅಲ್ಲಿ ಮೈಕೇ ಇರಲಿಲ್ಲ. ಅವಳಿಗೆ ಅದು ತಿಳಿಯದು. ಅವಳ ಮಾತಿನಲ್ಲಿ ಕೊಂಕೂ ಇರಲಿಲ್ಲ. ತನ್ನಿಂದ ಮತ್ತೆ ಏನಾದರೂ ಕೆಟ್ಟಿತೇನೋ ಎಂದು ನಿಜವಾಗಿ ಕೇಳಿದ್ದಳು. ಅವನು ಸಂದು ಕಾಣದ ಹಾಗೆ ಕತ್ತರಿಸಿ ಎಸೆದಿದ್ದ ಮಾತು ಅವಳ ಬಾಯಲ್ಲಿ ಹಾಗೇ ಉಳಿದಿತ್ತು. ಅವನು ಇಲ್ಲ ಎನ್ನಬೇಕಿತ್ತು. ಅದರ ಬದಲು ಹಾಡು ನಿಲ್ಲಿಸಿದ.

ಅರಿಶಿನಕ್ಕೆ ಕೂತ ಮದುಮಗಳು ಶಾಸ್ತ್ರ ಮುಗಿಯುವ ತನಕ ಮಣೆಯಿಂದ ಏಳಬಾರದು. ಆ ಕಡೆಯ ಪದ್ಧತಿ ಹಾಗೆ. ಅವಳು ಏಳಲಿಲ್ಲ. ಎರಡು ಕೈಯಲ್ಲೂ ಮಣೆಯ ಅಂಚು ಹಿಡಿದಳು. ಕಾಲು ಊರಿ ಕೂತಲ್ಲಿಂದಲೇ ಜರುಗತೊಡಗಿದಳು. ಮಣೆ ನೆಲಕ್ಕೆ ಉಜ್ಜಿ ಗರ್ ಎಂದಿತು. ಮತ್ತೆ ಗರ್ ಎಂದಿತು.

“ಏಯ್, ಏನೇ ಇದು! ಮಣೆ ಮೇಲಿಂದ ಏಳಬಾರದು ಕಣೇ!” ಎಂದಳು ಅತ್ತೆ.

“ಎಲ್ಲಿ ಎದ್ದಿದೀನತ್ತೆ? ಕೂತೇ ಇದೀನಲ್ಲ.”

ಚಾಪೆಯ ಮೇಲಿದ್ದ ದಪ್ಪನೆಯ ಹೆಂಗಸಿಗೆ ನಗು ತಡೆಯಲಾಗಲಿಲ್ಲ. ಹಾಡಿನ ಮುಂದಾಳು ಕಾಲು ಮಡಚಿ ದಾರಿ ಬಿಟ್ಟಳು. ಮದುಮಗಳು ಮಣೆ ಎಳೆದುಕೊಂಡು ಎಳೆದುಕೊಂಡು ಅಡುಗೆಮನೆಯ ಹೊಸ್ತಿಲಿಗೆ ತಾಗುವ ತನಕ ಹೋದಳು. ಅಲ್ಲಿ ಜರುಗುವುದನ್ನು ನಿಲ್ಲಿಸಿದಳು. ಮಣೆ ಉದ್ದವಾಗಿತ್ತು. ಒಂದು ಪಕ್ಕಕ್ಕೆ ಸರಿದು ಅರ್ಧ ಖಾಲಿ ಬಿಟ್ಟಳು. ಒಳಗೆ ನೋಡಿ ಹೇಳಿದಳು:

“ಅವ್ವ, ಕೂತ್ಕೊಂಡು ಹಾಡು.”

ತಾಯಿ ಬಹಳ ಹೊತ್ತು ಬರಲಿಲ್ಲ. ಬೇಡ ಎಂದು ಕೈಯಾಡಿಸಿದಳು. ಮಗಳು ಸರಿಯಲಿಲ್ಲ. ಕೊನೆಗೆ ತಾಯಿ ಬಂದಳು. ಹೊಸ್ತಿಲು ದಾಟಲಿಲ್ಲ, ಮಣೆಯ ಮೇಲೂ ಕೂರಲಿಲ್ಲ. ಹೊಸ್ತಿಲ ಆಚೆ ನೆಲದ ಮೇಲೆ ಕೂತಳು. ಒಂದು ಕೈ ಮಾತ್ರ ಮಣೆಯ ಖಾಲಿ ಅರ್ಧದ ಮೇಲಿಟ್ಟಳು. ಬಾಯಿಂದ ಸೆರಗು ತೆಗೆದಳು. ಸಾಲು ಎತ್ತಿದಳು. ಚಾಪೆಯವರು ಹಿಡಿದುಕೊಂಡರು.

ಅರಿಶಿನದ ಬಟ್ಟಲು ಹಿಡಿದವಳು ಮಣೆ ಇದ್ದ ಕಡೆ ಹೋಗಲೇಬೇಕು. ಅತ್ತೆ ಗೊಣಗಿಕೊಂಡೇ ಹೋದಳು.

ಗುರು ಕತೆ ನಿಲ್ಲಿಸಿದ. ಶಿಷ್ಯ ಕೇಳಿದ: “ಆ ಹಾಡನ್ನು ಅವನು ರೆಕಾರ್ಡು ಮಾಡಿಕೊಂಡನೇ?”

“ಇಲ್ಲ. ಮೈಕು ಹೊರಗೆ ಗಾಡಿಯಲ್ಲೇ ಇತ್ತು. ಹೋಗಿ ತರುವ ಮುಖ ಅವನಿಗಿರಲಿಲ್ಲ. ಬಾಕ್ಸಿನ ವೈರು ಸುತ್ತುತ್ತಾ ನಿಂತ. ಸುತ್ತಿದ ವೈರನ್ನೇ ಬಿಚ್ಚಿ ಮತ್ತೆ ಸುತ್ತಿದ. ಹಾಡು ಮುಗಿಯುವ ತನಕ ಕೈಗೆ ಏನಾದರೂ ಕೆಲಸ ಬೇಕಿತ್ತು.”

ಶಿಷ್ಯ ಪರದೆಯ ಕಡೆ ಕೈ ತೋರಿಸಿ ಹೇಳಿದ: “ಕತೆ ತಿಳಿಯಿತು ಗುರುಗಳೇ. ಆದರೆ ನಾನು ಯಾರನ್ನೂ ಒಳಗೆ ಕಳಿಸಲಿಲ್ಲ, ಯಾರ ದನಿಯನ್ನೂ ಕತ್ತರಿಸಲಿಲ್ಲ. ಕೇಳಿದ್ದು ಇಷ್ಟೇ. ಈ ಒಬ್ಬಳ ದನಿ ಮುಂದೆ ಬರಲು ಯಾವ ಗುಂಡಿ ತಿರುಗಿಸಲಿ?”

ಗುರು ಅವನನ್ನು ನೋಡಿ ಕೇಳಿದ: “ರೆಕಾರ್ಡು ಮಾಡುವಾಗ ಅವಳನ್ನು ಎಲ್ಲಿ ನಿಲ್ಲಿಸಿದ್ದೆ?”